ನ್ಯಾಯಾಲಯ ತಂದ ವಿರಹ

ಪ್ರಣಯದ ಕಾದಂಬರಿಯೆಂದರೆ ಹೊತ್ತು ಕಳೆಯುವ ಹಗುರ ಓದೆಂದು ನೀವು ಭಾವಿಸಿದ್ದರೆ, ಅಮೆರಿಕದ ಕಪ್ಪು ಜನಾಂಗದ ಲೇಖಕಿ ಟಯಾರಿ ಜೋನ್ಸ್ 2018ರಲ್ಲಿ ಪ್ರಕಟಿಸಿದ ‘ಆ್ಯನ್ ಅಮೆರಿಕನ್ ಮ್ಯಾರೇಜ್’ ಓದಿನೋಡಿ. 2019ರಲ್ಲಿ ಇದಕ್ಕೆ ಬ್ರಿಟನ್ನಿನ ವಿಮೆನ್ಸ್ ಪ್ರೈಜ್ ದೊರೆಯಿತು.

ರಾಯ್ ಮತ್ತು ಸೆಲೆಸ್ಟಿಯಲ್ ಅಟ್ಲಾಂಟದ ಹೊಸ ದಂಪತಿಗಳು. ರಾಯ್ ಮಾಡದ ಅತ್ಯಾಚಾರಕ್ಕಾಗಿ ಲೂಯಿಸಿಯಾನದ ನ್ಯಾಯಾಲಯ ಅವನಿಗೆ 12 ವರ್ಷದ ಸೆರೆ ವಿಧಿಸುತ್ತದೆ. ಮೇಘದೂತದ ಯಕ್ಷನಿಗಿದ್ದುದು ಒಂದೇ ವರ್ಷದ ಶಾಪ; ತಪ್ಪೂ ಅವನದೇ. ಇಲ್ಲಿ ತಪ್ಪೇ ಇಲ್ಲ. ಮೇಘದ ಬದಲು ಕಾಗದಗಳು ಓಡಾಡುತ್ತವೆ. ವರ್ಷಗಳು ಉರುಳಿದಂತೆ ಆ ಕಾಗದಗಳ ಬಿಸುಪು ಆರುವುದನ್ನು ಲೇಖಕಿ ತೋರಿಸಿರುವ ಬಗೆಯೇ ಪುಸ್ತಕದ ಜೀವಾಳ. ಐದು ವರ್ಷಗಳ ಮೇಲೆ ತೀರ್ಪು ರದ್ದಾಗಿ ಅವನು ಹೊರಬರುವ ವೇಳೆಗೆ, ಆಕೆಯ ಮನಸ್ಸು ಬಾಲ್ಯದ ಗೆಳೆಯ ಆಂಡ್ರೆಯ ಕಡೆ ವಾಲಿರುತ್ತದೆ.

ನಿಜ ಹೇಳಬೇಕೆಂದರೆ ಕೊರತೆಯೂ ಉಂಟು. ಹೆತ್ತ ತಂದೆಯೇ ರಾಯ್‌ಗೆ ಸೆರೆಮನೆಯ ಕೋಣೆಯಲ್ಲಿ ಜೊತೆಗಾರನಾಗಿ ಸಿಗುವುದು ನಾಟಕ ಕಂಪೆನಿಯ ಕಥೆಯಂತಿದೆ. ಆದರೆ ಮೂವರೂ ಸರದಿಯಂತೆ ತಮ್ಮ ಅಳಲನ್ನು ತಾವೇ ಹೇಳುವುದರಿಂದ ಯಾರನ್ನೂ ದೂರಲು ನಿಮಗೆ ಬಾಯಿ ಬಾರದು.

ಸೆಲೆಸ್ಟಿಯಲ್ ಕಾದಿರಬೇಕಿತ್ತಲ್ಲವೇ ಎಂದು ನೀವು ಕೇಳಬಹುದು. ಕೇಳಿರಿ, ಆದರೆ ಆ ಮನೆಯನ್ನು ಮೊದಲು ಒಡೆದವರು ಯಾರೆಂಬುದನ್ನೂ ಕೇಳಿಕೊಳ್ಳಿರಿ.