ಇಂಗ್ಲಿಷಿನ ನುಡಿಗಟ್ಟೂ ನಮ್ಮ ಬಿಸಿಲೂ

ಇಂಗ್ಲಿಷಿನಲ್ಲಿ ‘ಗಿವ್ ಎ ಹ್ಯಾಂಡ್’ ಎಂದರೆ ನೆರವಾಗು ಎಂದರ್ಥ. ಪದಕ್ಕೆ ಪದವಿಟ್ಟು ಅದನ್ನೇ ಕನ್ನಡಕ್ಕೆ ತಂದರೆ ‘ಕೈ ಕೊಡು’ ಎಂದಾಗುತ್ತದೆ. ನಮ್ಮಲ್ಲಿ ಕೈ ಕೊಟ್ಟವನೆಂದರೆ ನಂಬಿಸಿ ನಡುನೀರಿನಲ್ಲಿ ಬಿಟ್ಟವನು! ಎರಡು ನುಡಿಗಳಲ್ಲಿಯೂ ಕೈ ಒಂದೇ, ಕೊಡುವುದೂ ಒಂದೇ. ಅರ್ಥ ಮಾತ್ರ ಒಂದು ಉತ್ತರ, ಇನ್ನೊಂದು ದಕ್ಷಿಣ.

ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂಥ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ವಿದ್ಯಾರ್ಥಿಯನ್ನು ವ್ಯಾಕರಣಕ್ಕಿಂತಲೂ ಹೆಚ್ಚಾಗಿ ಎಡವಿಸುವ ಕಲ್ಲು ಇದೇ ಎಂದು ನನ್ನ ಭಾವನೆ. ಅವನು ನಿಘಂಟು ತೆರೆದು ಒಂದೊಂದು ಪದವನ್ನೂ ಹುಡುಕುತ್ತಾನೆ. ಪದಗಳೆಲ್ಲ ತಿಳಿದರೂ ವಾಕ್ಯ ತಿಳಿಯುವುದಿಲ್ಲ. ಕಡೆಗೆ ತನ್ನ ಬುದ್ಧಿಯೇ ಮಂದವೆಂದು ಬಗೆದು ಪುಸ್ತಕವನ್ನು ಮುಚ್ಚಿಡುತ್ತಾನೆ. ಪರೀಕ್ಷೆಯ ಅಂಕಗಳು ಹೋದರೆ ಮತ್ತೆ ಬಂದಾವು. ಹೀಗೆ ಹೋದ ಆತ್ಮವಿಶ್ವಾಸ ಮರಳುವುದು ಕಷ್ಟ.

ನುಡಿಗಟ್ಟಿಗೆ ನೆಲದ ಗುಣವಿರುತ್ತದೆ. ಇಂಗ್ಲೆಂಡು ಚಳಿಯ ನಾಡು. ಅಲ್ಲಿ ಬೆಚ್ಚಗಿರುವುದೆಲ್ಲ ಪ್ರಿಯ. ಆದುದರಿಂದ ಆದರದ ಸ್ವಾಗತಕ್ಕೆ ಅವರು ‘ವಾರ್ಮ್ ವೆಲ್ಕಮ್’ ಎನ್ನುತ್ತಾರೆ. ಉಪೇಕ್ಷೆಗೆ ‘ಕೋಲ್ಡ್ ಶೋಲ್ಡರ್’ ಎನ್ನುತ್ತಾರೆ. ಯಾದಗಿರಿಯ ಸೀಮೆಯಲ್ಲಾದರೋ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಇಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ತಣ್ಣೀರು; ಹಿರಿಯರು ಹರಸುವುದು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು. ‘ಬ್ರೇಕ್ ದ ಐಸ್’ ಎಂಬ ಮಾತಿನ ಹಿಂದೆ ಹೆಪ್ಪುಗಟ್ಟಿದ ನೀರನ್ನೊಡೆದು ದಾರಿ ಮಾಡುವ ಚಿತ್ರವಿದೆ. ಕೃಷ್ಣೆಯಾಗಲಿ ಭೀಮೆಯಾಗಲಿ ಹೆಪ್ಪುಗಟ್ಟಿದ್ದನ್ನು ಕಂಡವರಾರು? ಆದರೆ ಹೊಸಬರ ನಡುವಿನ ಸಂಕೋಚ ಮುರಿದು ಮಾತು ಮೊದಲಾಗುವ ಗಳಿಗೆ ಇಲ್ಲಿನ ಹುಡುಗನಿಗೂ ಚೆನ್ನಾಗಿ ಗೊತ್ತು. ಚಿತ್ರ ಪರದೇಶದ್ದು, ಅನುಭವ ಮನೆಯದು.

ಕೆಲವು ನುಡಿಗಟ್ಟುಗಳು ಗಡಿ ದಾಟಿ ಬಂದು ನಮ್ಮಲ್ಲಿ ನೆಲೆಯನ್ನೂ ಊರಿವೆ. ‘ರೆಡ್ ಟೇಪ್’ ನಮ್ಮ ಪತ್ರಿಕೆಗಳಲ್ಲಿ ‘ಕೆಂಪುಪಟ್ಟಿ’ಯಾಗಿದೆ. ಕಾಗದದ ಕಟ್ಟುಗಳೂ ಕಚೇರಿಯ ವಿಳಂಬವೂ ನಮಗೆ ಹೊಸವಲ್ಲವಷ್ಟೆ! ‘ಬೆಳಕು ಚೆಲ್ಲು’ ಎಂಬುದೂ ಹಾಗೆಯೇ ಬಂದು ಕನ್ನಡವೇ ಆಗಿಹೋಗಿದೆ. ‘ಕೈ ಕೊಡು’ವಿಗೆ ಮಾತ್ರ ಆ ಭಾಗ್ಯವಿಲ್ಲ, ಆ ಸ್ಥಳದಲ್ಲಿ ನಮ್ಮದೇ ಬೇರೊಂದು ಅರ್ಥ ಮೊದಲೇ ಕುಳಿತಿದೆ.

ಈ ತೊಡಕು ನಮಗೊಬ್ಬರಿಗೇ ಮೀಸಲಲ್ಲ. ಜರ್ಮನಿಯ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಕನ್ನಡನಾಡಿಗೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದುದು 1894ರಲ್ಲಿ. ಆ ನಿಘಂಟಿನಲ್ಲಿ ಪದಗಳೊಡನೆ ಗಾದೆಗಳೂ ಪ್ರಯೋಗಗಳೂ ಸೇರಿವೆ. ಮಾತನ್ನು ಅದರ ಬಳಕೆಯಿಂದ ಬೇರ್ಪಡಿಸಿದರೆ ಅರ್ಥ ಉಳಿಯದೆಂಬುದನ್ನು ಆ ವಿದ್ವಾಂಸರು ಬಲ್ಲವರಾಗಿದ್ದರು.

ಆದುದರಿಂದ ಉಪಾಧ್ಯಾಯರಲ್ಲಿ ನನ್ನದೊಂದು ಸೂಚನೆ. ಇಂಗ್ಲಿಷಿನ ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಮುನ್ನ, ಆ ಮಾತು ಆಡಬೇಕಾದ ಸಂದರ್ಭವನ್ನು ವಿವರಿಸಿ, “ಇಂಥ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ?” ಎಂದು ಕೇಳಬೇಕು. ದೋರನಹಳ್ಳಿಯ ಮಕ್ಕಳ ಬಾಯಿಂದ ಬರುವ ಉತ್ತರಗಳನ್ನು ಕರಿಹಲಗೆಯ ಮೇಲೆ ಇಂಗ್ಲಿಷಿನ ಪಕ್ಕದಲ್ಲಿಯೇ ಬರೆಯಬೇಕು. ತನ್ನ ತಾಯಿಯ ಮಾತಿಗೂ ಅಲ್ಲಿ ಸ್ಥಾನವಿದೆಯೆಂದು ಕಂಡ ಮಗು ಇಂಗ್ಲಿಷಿಗೆ ಅಂಜುವುದಿಲ್ಲ.