ಮನೇಲಿ ಕನ್ನಡ, ಪರೀಕ್ಷೆಗೆ ತಮಿಳು: ಗಡಿ ಮಕ್ಕಳ ಅಗ್ನಿಪರೀಕ್ಷೆ

ಅಂಚೆಟ್ಟಿ: ಡಿಸೆಂಬರ್ ಬಂತೆಂದರೆ ಇಲ್ಲಿನ ಕಾಡಂಚಿನ ಹೊಲಗಳಲ್ಲಿ ರಾಗಿ ಕೊಯ್ಲಿಗೆ ಬಂದಿರುತ್ತದೆ. ಅದರ ವಾಸನೆ ಹಿಡಿದು ಆನೆಗಳೂ ಬಂದಿರುತ್ತವೆ. ಶಾಲೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆ ನಡೆಯುವುದೂ ಆಗಲೇ. ರಾತ್ರಿಯೆಲ್ಲ ಅಪ್ಪನ ಜೊತೆ ಅಟ್ಟಣೆ ಮೇಲೆ ಕುಳಿತು ತಗಡು ಬಡಿದ ಹುಡುಗ ಬೆಳಿಗ್ಗೆ ಪರೀಕ್ಷೆ ತಪ್ಪಿಸಿಕೊಂಡರೆ ಮನೆಯವರು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ದೊಡ್ಡ ಪರೀಕ್ಷೆ ಮುಂದೆ ಐತಲ್ಲ, ಬಿಡು ಎಂಬುದೇ ಸಮಾಧಾನ.

2020ರಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಕೊರೊನಾ ಕಾರಣಕ್ಕೆ ತಮಿಳುನಾಡು ಸರ್ಕಾರ ಆ ವರ್ಷದ ಜೂನ್ 9ರಂದು ಹತ್ತನೇ ತರಗತಿ ಪರೀಕ್ಷೆಯನ್ನೇ ರದ್ದು ಮಾಡಿತು. ಎಲ್ಲರೂ ಪಾಸ್. ಆದರೆ ಅಂಕ ಕೊಟ್ಟದ್ದು ತ್ರೈಮಾಸಿಕ ಹಾಗೂ ಅರ್ಧವಾರ್ಷಿಕ ಪರೀಕ್ಷೆಗಳಿಂದ ಶೇ 80, ಹಾಜರಾತಿಯಿಂದ ಶೇ 20. ಆನೆ ಕಾಯಲು ಹೋದವನಿಗೆ ಎರಡೂ ಕಡೆ ಹೊಡೆತ. ಬರೆಯದ ಪರೀಕ್ಷೆಯ ಅಂಕ ಎಲ್ಲಿಂದ ತರೋದು? ಯಾರೂ ಲೆಕ್ಕಕ್ಕೆ ಇಡದಿದ್ದ ಕಿರು ಪರೀಕ್ಷೆಯೇ ಅಂಕಪಟ್ಟಿಯಾಗಿ ಕೈಗೆ ಬಂತು.

ಇದು ಒಂದು ವರ್ಷದ ಮಾತಾಯಿತು. ಗಡಿಭಾಗದ ಕನ್ನಡ ಮಕ್ಕಳನ್ನು ವರ್ಷ ವರ್ಷವೂ ಕಾಡಿದ್ದು ಭಾಷೆ.

ಹೊಸೂರು, ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಸೀಮೆಯಲ್ಲಿ ಮನೇಲಿ ಕನ್ನಡವೋ ತೆಲುಗೋ, ಸಂತೆಯಲ್ಲಿ ಮೂರೂ ಭಾಷೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಭಾಗ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪಾಠದ ಸೌಲಭ್ಯ ಕೊಡಬೇಕು ಎನ್ನುತ್ತದೆ. ಆದರೆ ಅದು ಪ್ರಾಥಮಿಕ ಹಂತಕ್ಕಷ್ಟೇ. ಹೈಸ್ಕೂಲ್ ಮೆಟ್ಟಿಲು ಹತ್ತಿದ ಮೇಲೆ ಆ ವಿಧಿಯ ಆಸರೆ ಇಲ್ಲ.

2006ರಲ್ಲಿ ತಮಿಳು ಕಲಿಕಾ ಕಾಯ್ದೆ ಬಂತು. ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿ ಏರುತ್ತ 2015-16ರಲ್ಲಿ ಹತ್ತನೇ ತರಗತಿ ಮುಟ್ಟಿತು. ಮೊದಲ ಭಾಗ ತಮಿಳು, ಎರಡನೆಯದು ಇಂಗ್ಲಿಷ್, ಮೂರನೆಯದು ಉಳಿದ ವಿಷಯಗಳು. ಕನ್ನಡ, ತೆಲುಗು, ಉರ್ದು, ಮಲಯಾಳ ಬೇಕಾದವರಿಗೆ ನಾಲ್ಕನೇ ಭಾಗದಲ್ಲಿ, ಅದೂ ಐಚ್ಛಿಕವಾಗಿ. ಮನೆಮಾತು ಪಂಕ್ತಿಯ ಕೊನೆಯಲ್ಲಿ ಕುಳಿತಂತಾಯಿತು.

ತಮಿಳು ಕಲಿಯುವುದಿಲ್ಲ ಎಂದು ಯಾರೂ ಹಠ ಹಿಡಿದಿರಲಿಲ್ಲ. ತಕರಾರು ಇದ್ದದ್ದು ಬೇರೆ. ಅಲ್ಪಸಂಖ್ಯಾತ ಭಾಷೆಯ ಶಾಲೆಗಳಿಗೆ ತಮಿಳು ಶಿಕ್ಷಕರನ್ನು ಸರಿಯಾಗಿ ಕೊಡದೆ, ಕಲಿಸದ ಪಾಠಕ್ಕೆ ಪರೀಕ್ಷೆ ಬರೆಸುವುದು ಯಾವ ನ್ಯಾಯ ಎಂಬುದು. ಪಾಸಾಗಲು ಪ್ರತಿ ವಿಷಯದಲ್ಲೂ 35 ಅಂಕ ಬೇಕು. ಗಣಿತದಲ್ಲಿ 90 ತೆಗೆದವನೂ ತಮಿಳಿನಲ್ಲಿ 30 ತೆಗೆದರೆ ಫೇಲೇ.

ವಿಷಯ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿತು. ತಮಿಳುನಾಡು ಭಾಷಾ ಅಲ್ಪಸಂಖ್ಯಾತರ ವೇದಿಕೆ ಕಾನೂನು ಹೋರಾಟಕ್ಕೆ ಇಳಿಯಿತು. 2019ರಲ್ಲಿ ಹೈಕೋರ್ಟ್ 2020ರಿಂದ 2022ರ ವರೆಗೆ ತಮಿಳು ಪತ್ರಿಕೆಯಿಂದ ವಿನಾಯಿತಿ ನೀಡಿತು. ವಿಧಿಯಾಟ ನೋಡಿ: ಆ ಮೂರು ವರ್ಷಗಳಲ್ಲಿ 2020 ಮತ್ತು 2021ರಲ್ಲಿ ಪರೀಕ್ಷೆಯೇ ನಡೆಯಲಿಲ್ಲ. ಕೈಗೆ ದಕ್ಕಿದ್ದು ಒಂದೇ ವರ್ಷ.

ಮತ್ತೆ ಕೋರ್ಟು, ಮತ್ತೆ ಅರ್ಜಿ. ಸುಪ್ರೀಂ ಕೋರ್ಟ್ 2023ರ ಫೆಬ್ರವರಿ 6ರಂದು ಇನ್ನೊಂದು ವರ್ಷಕ್ಕೆ ವಿನಾಯಿತಿ ವಿಸ್ತರಿಸಿತು. ಹತ್ತನೇ ತರಗತಿಯ ಭಾಷಾ ಪರೀಕ್ಷೆ ಇದ್ದದ್ದು ಏಪ್ರಿಲ್ 6ಕ್ಕೆ. ಕನ್ನಡ ಓದಬೇಕೋ ತಮಿಳು ಓದಬೇಕೋ ಎಂದು ಮಕ್ಕಳಿಗೆ ಖಾತ್ರಿಯಾದದ್ದು ಸರಿಯಾಗಿ ಎರಡು ತಿಂಗಳ ಮುಂಚೆ! ಹೀಗೆ ವರ್ಷ ವರ್ಷ ಕೋರ್ಟಿನ ಕಡೆ ನೋಡುತ್ತ ಕೂತ ಮಗು ಓದುವುದಾದರೂ ಯಾವಾಗ?

ವಿನಾಯಿತಿ ಸಿಕ್ಕಿತೆಂದು ಹಿಗ್ಗುವಂತೆಯೂ ಇಲ್ಲ. 2021ರ ಡಿಸೆಂಬರ್ ಆದೇಶದಂತೆ ತಮಿಳುನಾಡು ಸರ್ಕಾರಿ ನೌಕರಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆ ಕಡ್ಡಾಯ. ಕನಿಷ್ಠ ಶೇ 40 ಬರಲೇಬೇಕು. ಹತ್ತನೇ ತರಗತಿಯಲ್ಲಿ ದಾಟಿ ಬಂದ ಹಳ್ಳ ಗ್ರಾಮಲೆಕ್ಕಿಗನ ಹುದ್ದೆಯ ಬಾಗಿಲಲ್ಲಿ ಮತ್ತೆ ಎದುರಾಗುತ್ತದೆ. ಹಾಗಾಗಿ ಕೇಳಬೇಕಾದದ್ದು ವಿನಾಯಿತಿ ಜೊತೆಗೆ ಒಳ್ಳೆಯ ತಮಿಳು ಮೇಷ್ಟ್ರನ್ನೂ.

ಅಂಗವೈಕಲ್ಯ ಇರುವ ಮಕ್ಕಳ ಪಾಡು ಇನ್ನೂ ಸೂಕ್ಷ್ಮ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲ ಇದೆ. ತಮಿಳುನಾಡಿನ ಸಾರ್ವಜನಿಕ ಪರೀಕ್ಷೆಯಲ್ಲಿ ಒಂದು ಗಂಟೆ ಹೆಚ್ಚು ಸಮಯವೂ ಸಿಗುತ್ತದೆ. ಆದರೆ ಕನ್ನಡದಲ್ಲಿ ಉತ್ತರ ಹೇಳುವ ಮಗುವಿಗೆ ಕನ್ನಡ ಬರೆಯಬಲ್ಲವರನ್ನೇ ಹುಡುಕಬೇಕು. ಅಕ್ಷರ ಅದಲುಬದಲು ಮಾಡುವ ಮಗುವಿಗೆ ಕಲಿಕಾ ನ್ಯೂನತೆ ಇದೆಯೋ, ಮನೆಯಲ್ಲಿಲ್ಲದ ಭಾಷೆಯ ತೊಡಕೋ ಎಂದು ಗುರುತಿಸುವವರೂ ಬೇಕು. ಪ್ರಮಾಣಪತ್ರಕ್ಕಾಗಿ ಅಂಚೆಟ್ಟಿಯಿಂದ ಕೃಷ್ಣಗಿರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯ್ತು. ದಡ್ಡ ಎಂಬ ಹಣೆಪಟ್ಟಿಗಾದರೆ ಯಾವ ಪ್ರಮಾಣಪತ್ರವೂ ಬೇಡ.

ಪರೀಕ್ಷೆಗೆ ಹೋಗದೆ ಉಳಿಯುವುದು ಈ ಸೀಮೆಯ ರೋಗವೊಂದೇ ಅಲ್ಲ. 2023ರ ಮಾರ್ಚ್‌ನಲ್ಲಿ ಹನ್ನೆರಡನೇ ತರಗತಿಯ ಭಾಷಾ ಪರೀಕ್ಷೆಗೆ ರಾಜ್ಯದಲ್ಲಿ 50 ಸಾವಿರಕ್ಕೂ ಹೆಚ್ಚು ಮಕ್ಕಳು ಗೈರಾಗಿದ್ದು ದೊಡ್ಡ ಸುದ್ದಿಯಾಗಿತ್ತು. ಹತ್ತನೇ ತರಗತಿಯಲ್ಲಿ ಗೈರಾದವರು, ಫೇಲಾದವರು ಪೂರಕ ಪರೀಕ್ಷೆ ಬರೆದು ಅದೇ ವರ್ಷ ಪ್ಲಸ್ ಒನ್ ಸೇರಬಹುದು. ತಪ್ಪಿದ ವಿಷಯ ಮಾತ್ರ ಬರೆದರೆ ಸಾಕು. ಅರ್ಜಿಯ ಅವಧಿ ಮಾತ್ರ ಕೆಲವೇ ದಿನ. ಫಲಿತಾಂಶ ಬಂದ ವಾರದಲ್ಲೇ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಂಡರೆ ಕೆಲಸ ಆಗುತ್ತದೆ. ಹುಡುಗ ಆಗಲೇ ಕೆಲಸ ಹುಡುಕಿ ಹೊಸೂರಿನ ಬಸ್ ಹತ್ತಿಬಿಟ್ಟಿದ್ದರೆ, ಅರ್ಜಿಗೆ ಸಹಿ ಹಾಕಲು ಅವನನ್ನು ವಾಪಸ್ ಕರೆಸುವುದೇ ಮನೆಯವರಿಗೆ ದೊಡ್ಡ ಕೆಲಸ.