ಮನೆಯಲ್ಲಿ ಕಾಫಿ ಇಳಿಸುವ ಕ್ರಮಗಳು

ನಮ್ಮ ಮರ್ಕಂಜ, ಅರಂತೋಡು, ಸಂಪಾಜೆ ಕಡೆಯ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ಹೊಕ್ಕ ಮೇಲೆ ರೋಬಸ್ಟಾ ಕಾಫಿಯನ್ನು ನಂಬಿದ ಸದಸ್ಯರ ಸಂಖ್ಯೆ ಹೆಚ್ಚುತ್ತಾ ಬಂದಿದೆ. ಆದರೆ ಬೆಳೆದುದನ್ನು ಚೆರಿಯಾಗಿಯೇ ಚೀಲ ಕಟ್ಟಿ ಮಾರಿ, ಹಿಂದೆ ಬರುವಾಗ ಅಂಗಡಿಯಿಂದ ಚಿಕೋರಿ ಬೆರೆತ ಪುಡಿ ತರುವವರೇ ನಮ್ಮಲ್ಲಿ ಹೆಚ್ಚು. ಅಂತಹ ಮಿಶ್ರಣದಲ್ಲಿ ಶೇ. 51ರಷ್ಟು ಕಾಫಿ ಇದ್ದರೆ ಕಾನೂನಿಗೆ ಸಾಕು. ಉಳಿದುದು ಚಿಕೋರಿ ಬೇರಿನ ಪುಡಿಯಾಗಿರಬಹುದು.

ಇದು ಬರಿಯ ನಾಲಗೆಯ ಚಪಲದ ಮಾತಲ್ಲ. 1942ರ ಕಾಫಿ ಕಾಯಿದೆಯ ಕೆಳಗೆ ಬೆಳೆಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿದ್ದ ಕಾಲದಲ್ಲಿ ಎಲ್ಲರ ಕಾಫಿಯೂ ಒಟ್ಟಾಗಿ ಮಾರಾಟವಾಗುತ್ತಿತ್ತು. ಆ ಪದ್ಧತಿ 1990ರ ದಶಕದಲ್ಲಿ ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಹೋಯಿತು. ಈಗ ದರ ಕುದುರಿಸುವ ಭಾರ ನಮ್ಮದೇ. ‘ಮಾಲಿಗೆ ವಾಸನೆ ಉಂಟು’ ಎಂದು ವ್ಯಾಪಾರಿ ದರ ಇಳಿಸಿದರೆ, ತನ್ನ ಕಾಫಿಯನ್ನು ಒಂದು ದಿನವೂ ಕುಡಿದು ನೋಡದ ಬೆಳೆಗಾರ ಹೌದೆಂದು ಹೇಳುವುದೇ, ಅಲ್ಲವೆಂದು ಹೇಳುವುದೇ? ಆದುದರಿಂದ ಮಾರುವ ಮೊದಲು ಎರಡು ಕಿಲೋ ಒಣ ಚೆರಿಯನ್ನು ಮನೆಗೆಂದು ತೆಗೆದಿಡಿರಿ. ಒರಳಿನಲ್ಲಿ ಕುಟ್ಟಿ, ಗೆರಸೆಯಲ್ಲಿ ಕೇರಿದರೆ ಸುಮಾರು ಒಂದು ಕಿಲೋ ಬೇಳೆ ಸಿಗುತ್ತದೆ. ಹುರಿದ ಮೇಲೆ ಅದು 800 ಗ್ರಾಮಿನಷ್ಟು ಉಳಿದೀತು.

ಹುರಿಯಲು ದಪ್ಪ ತಳದ ಬಾಣಲೆ ಸಾಕು. ಒಂದು ಸಲಕ್ಕೆ ಕಾಲು ಕಿಲೋಗಿಂತ ಹೆಚ್ಚು ಹಾಕಬಾರದು. ಕೈ ಬಿಡದೆ ಮಗುಚುತ್ತಿರಬೇಕು. ಬೇಳೆ ಮೊದಲು ಹಳದಿಯಾಗಿ, ಬಳಿಕ ಕಂದು ತಿರುಗಿ, ಚಟಪಟನೆ ಸಿಡಿಯತೊಡಗುತ್ತದೆ. ಆ ಸದ್ದು ನಿಂತ ಸ್ವಲ್ಪ ಹೊತ್ತಿಗೆ ಇಳಿಸಿ, ಗೆರಸೆಗೆ ಸುರಿದು, ಗಾಳಿ ಹಾಕಿ ಬೇಗ ಆರಿಸಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಕರಿಯುತ್ತದೆ. ಕಪ್ಪಾದಷ್ಟೂ ಗಟ್ಟಿ ಕಾಫಿ ಎಂಬ ನಂಬಿಕೆ ಹಲವರಿಗಿದೆ. ಕಪ್ಪಾದಷ್ಟೂ ಕಹಿ ಎನ್ನುವುದು ಸರಿಯಾದ ಮಾತು. ಹುರಿದ ಬೇಳೆಯೊಳಗಿನ ಅನಿಲ ಹೋಗಲು ಒಂದು ದಿನ ಬಿಟ್ಟು, ಆ ಮೇಲೆ ಪುಡಿ ಮಾಡುವುದು ಉತ್ತಮ.

ಇನ್ನು ಇಳಿಸುವ ವಿಚಾರ. ಕಾಫಿಯ ಪರಿಮಳ, ಸಿಹಿ, ಹುಳಿ ಇವು ಬಿಸಿನೀರಿಗೆ ಬೇಗ ಬಿಟ್ಟುಕೊಳ್ಳುತ್ತವೆ. ಒಗರು ಮತ್ತು ಕಹಿ ತಡವಾಗಿ ಬರುತ್ತವೆ. ನೀರಿನ ಬಿಸಿ 90ರಿಂದ 96 ಡಿಗ್ರಿ ಸೆಲ್ಸಿಯಸ್ ಇದ್ದರೆ ಹದ. ರೋಬಸ್ಟಾದಲ್ಲಿ ಕೆಫೀನ್ ಅರಾಬಿಕಾಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಇರುವುದರಿಂದ, ಹೆಚ್ಚು ಹೊತ್ತು ನೀರಿನಲ್ಲಿಟ್ಟರೆ ಕಹಿ ಬೇಗ ಮೇಲುಗೈ ಪಡೆಯುತ್ತದೆ. ಇಷ್ಟು ನೆನಪಿದ್ದರೆ ಯಾವ ಪಾತ್ರೆಯಾದರೂ ನಡೆದೀತು.

ಪರ್ಕೊಲೇಟರ್ ಎಂಬ ಪಾತ್ರೆ ಕೆಲವು ಹಳೆಯ ಮನೆಗಳ ಅಟ್ಟದಲ್ಲಿ ಈಗಲೂ ಇದ್ದೀತು. ನಮ್ಮ ಸ್ಟೀಲಿನ ಫಿಲ್ಟರಿಗೂ ಕೆಲವರು ಇದೇ ಹೆಸರು ಹೇಳುತ್ತಾರೆ, ಆದರೆ ಎರಡೂ ಬೇರೆ. ನಿಜವಾದ ಪರ್ಕೊಲೇಟರ್ ಒಲೆಯ ಮೇಲಿಡುವ ಕೆಟಲಿನಂತಹುದು. ಒಳಗೆ ನಡುವಿನಲ್ಲಿ ಒಂದು ಕೊಳವೆ, ಅದರ ಮೇಲ್ತುದಿಗೆ ತೂತುಗಳಿರುವ ಬುಟ್ಟಿ. ತಳದ ನೀರು ಕುದಿದಾಗ ಗುಳ್ಳೆಗಳು ನೀರನ್ನು ಕೊಳವೆಯ ಮೂಲಕ ಮೇಲಕ್ಕೆ ತಳ್ಳುತ್ತವೆ. ಅದು ಪುಡಿಯ ಮೇಲೆ ಬಿದ್ದು, ಸೋಸಿ, ಮತ್ತೆ ತಳಕ್ಕೆ ಇಳಿಯುತ್ತದೆ. ಈ ತಿರುಗಾಟ ಒಲೆ ಆರಿಸುವ ತನಕ ನಡೆಯುತ್ತಲೇ ಇರುತ್ತದೆ. ಅಮೆರಿಕದ ಹ್ಯಾನ್ಸನ್ ಗುಡ್‌ರಿಚ್ ಎಂಬವರು 1889ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಇದರ ದೋಷವೂ ಈ ತಿರುಗಾಟದಲ್ಲೇ ಇದೆ. ಒಮ್ಮೆ ಇಳಿದ ಡಿಕಾಕ್ಷನ್ ಪುನಃ ಕುದಿದು ಪುನಃ ಅದೇ ಪುಡಿಯ ಮೇಲೆ ಬೀಳುತ್ತದೆ. ಮನೆ ತುಂಬ ಘಮಘಮ ಎನ್ನುವುದೇನೋ ನಿಜ, ಆದರೆ ಆ ಘಮ ಲೋಟಕ್ಕೆ ಬಾರದೆ ಗಾಳಿಗೆ ಹೋಯಿತೆಂದೇ ಲೆಕ್ಕ. ಆದರೂ ಎಚ್ಚರದಿಂದ ಮಾಡಿದರೆ ಕುಡಿಯಲು ಯೋಗ್ಯವಾದ ಕಾಫಿ ಇದರಲ್ಲಿ ಬರುತ್ತದೆ. ಮನೆಗೆ ಹತ್ತು ಜನ ಬಂದಾಗ ಅನುಕೂಲವೂ ಹೌದು. ಪುಡಿ ಇಡ್ಲಿ ರವೆಯಷ್ಟು ತರಿಯಾಗಿರಲಿ. ನುಣ್ಣಗಿದ್ದರೆ ತೂತಿನಿಂದ ಇಳಿದು ಗಷ್ಟು ಬಾಯಿಗೆ ಬರುತ್ತದೆ. ಒಂದು ಲೀಟರ್ ತಣ್ಣೀರಿಗೆ 60 ಗ್ರಾಂ ಪುಡಿ. ಮುಚ್ಚಳದ ಗಾಜಿನ ಗುಬಟಿನಲ್ಲಿ ನೀರು ಚಿಮ್ಮುವುದು ಕಂಡ ಕೂಡಲೇ ಉರಿ ತಗ್ಗಿಸಿ. ಅಲ್ಲಿಂದ ಅರಾಬಿಕಾಕ್ಕೆ ಏಳೆಂಟು ನಿಮಿಷ, ನಮ್ಮ ರೋಬಸ್ಟಾಕ್ಕೆ ಐದೇ ನಿಮಿಷ. ಇಳಿಸಿದೊಡನೆ ಬುಟ್ಟಿಯನ್ನು ಹೊರಗೆ ತೆಗೆಯಲು ಮರೆಯಬಾರದು.

ದಿನನಿತ್ಯಕ್ಕೆ ಎರಡು ಅಂತಸ್ತಿನ ನಮ್ಮ ಫಿಲ್ಟರೇ ಮೇಲು ಎಂದು ನನ್ನ ಅಭಿಪ್ರಾಯ. ಇದರಲ್ಲಿ ನೀರು ಪುಡಿಯನ್ನು ಒಂದೇ ಸಲ ದಾಟುತ್ತದೆ. ನಾಲ್ಕು ಜನಕ್ಕೆ 25 ಗ್ರಾಂ ಪುಡಿ, ಚಿರೋಟಿ ರವೆಗಿಂತ ತುಸು ನುಣ್ಣಗೆ. ಅದರ ಮೇಲೆ ಕೊಡೆಯಂತಹ ತಟ್ಟೆಯನ್ನಿಟ್ಟು ಹಗುರವಾಗಿ ಒತ್ತಬೇಕು. ಕುದಿದ ನೀರನ್ನು ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಹೊಯ್ಯಿರಿ. ಪುಡಿ ಉಬ್ಬಿದ ಮೇಲೆ ಉಳಿದುದನ್ನು, ಒಟ್ಟು 180 ಮಿಲಿಲೀಟರ್. ಪುಡಿಯೇ ಸ್ವಲ್ಪ ನೀರನ್ನು ಹೀರಿಕೊಳ್ಳುವುದರಿಂದ ಕೆಳಗೆ 130ರಷ್ಟು ಸಿಕ್ಕೀತು. ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಎರಡು ನಿಮಿಷದಲ್ಲಿ ಇಳಿದರೆ ಪುಡಿ ತೀರಾ ತರಿ. ತಾಸು ಕಳೆದರೂ ಇಳಿಯದಿದ್ದರೆ ತೀರಾ ನುಣುಪು ಅಥವಾ ಒತ್ತಿದ್ದು ಹೆಚ್ಚು. ಡಿಕಾಕ್ಷನ್ ಕುದಿಸದೆ, ಹಾಲನ್ನೇ ಬಿಸಿಯಾಗಿ ಬೆರೆಸಬೇಕು. ಅದೇ ಪುಡಿಗೆ ಎರಡನೇ ಸಲ ನೀರು ಹೊಯ್ಯುವ ಉಳಿತಾಯ ಕಾಫಿ ಬೆಳೆಯುವವರ ಮನೆಗೆ ಶೋಭಿಸದು.

ಘಟ್ಟದ ಮೇಲೆ ಕೊಡಗಿನವರ ಬೆಲ್ಲದ ಕಾಫಿಗೆ ಯಾವ ಯಂತ್ರವೂ ಬೇಡ. ಬೆಲ್ಲದ ನೀರು ಕುದಿಸಿ, ಇಳಿಸಿ, ಪುಡಿ ಹಾಕಿ ಮುಚ್ಚಿಟ್ಟು, ಗಷ್ಟು ತಳಕ್ಕೆ ಕುಳಿತ ಮೇಲೆ ಬಟ್ಟೆಯಲ್ಲಿ ಸೋಸಿದರಾಯಿತು. ಹಾಲು ಹಾಕುವುದಿಲ್ಲ. ನಮ್ಮ ರೋಬಸ್ಟಾಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಇಟಲಿಯಲ್ಲಿ 1933ರಲ್ಲಿ ಹೊರಟ ಮೋಕಾ ಪಾತ್ರೆ ಹಬೆಯ ಒತ್ತಡದಿಂದ ನೀರನ್ನು ಪುಡಿಯ ಮೂಲಕ ಒಂದೇ ಸಲ ಮೇಲಕ್ಕೆ ಏರಿಸುತ್ತದೆ; ಕಾಫಿ ಗಟ್ಟಿಯಾಗಿ ಬರುತ್ತದೆ. ನೀರು ಬಾವಿಯದ್ದೋ ಒರತೆಯದ್ದೋ ಆದರೆ ಒಳ್ಳೆಯದು. ಕಬ್ಬಿಣದಂಶದ ಕೊಳವೆಬಾವಿ ನೀರಿನಲ್ಲಿ ರುಚಿ ಮಂಕಾಗುತ್ತದೆ.

ಪರೀಕ್ಷೆಗೆಂದು ಕುಡಿಯುವಾಗ ಮೊದಲ ಗುಟುಕು ಹಾಲು, ಸಕ್ಕರೆ ಇಲ್ಲದೆ ಇರಲಿ. ಮಣ್ಣಿನ ವಾಸನೆ ಬಂದರೆ ಚೆರಿಯನ್ನು ಬರಿನೆಲದಲ್ಲಿ ಒಣಗಿಸಿದ್ದಾರೆಂದು ಅರ್ಥ. ಕೊಳೆತ ಹಣ್ಣಿನಂತಹ ಹುಳಿ ವಾಸನೆಯಾದರೆ ಕೊಯ್ದ ಹಣ್ಣು ಗೋಣಿಯಲ್ಲೇ ರಾತ್ರಿ ಕಳೆದಿದೆ, ಅಥವಾ ಅಂಗಳದಲ್ಲಿ ದಪ್ಪವಾಗಿ ಹರಡಿ ಮಗುಚದೆ ಬಿಟ್ಟಿದ್ದಾರೆ. ಬೂಸಲು ವಾಸನೆಗೆ ಸರಿಯಾಗಿ ಒಣಗದಿರುವುದೇ ಕಾರಣ. ರೋಬಸ್ಟಾ ಚೆರಿಯ ತೇವಾಂಶ ಶೇ. 11ಕ್ಕೆ ಇಳಿಯದೆ ಚೀಲ ಕಟ್ಟಬಾರದು. ಹೊಗೆ ವಾಸನೆ ಬಂದರೆ ರಬ್ಬರ್ ಶೀಟಿನ ಹೊಗೆಮನೆಯ ಹತ್ತಿರ ಚೀಲ ಇಟ್ಟಿರಾ ಎಂದು ನೋಡಿರಿ. ಕಾಫಿ ಪಕ್ಕದಲ್ಲಿದ್ದುದರ ವಾಸನೆಯನ್ನೆಲ್ಲ ಹೀರುತ್ತದೆ. ಮೈಲುತುತ್ತು, ಔಷಧಿ ಡಬ್ಬ, ಗೊಬ್ಬರ ಇರುವ ಕೋಣೆಯಲ್ಲಿ ಚೆರಿಯ ಚೀಲ ಬೇಡವೇ ಬೇಡ. ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರದಲ್ಲಿ ಪೇರಿಸಿಡಬೇಕು.